ತರಬೇತಿ ಹಾರಾಟದಲ್ಲಿ ಯುದ್ಧವಿಮಾನಗಳ ಆಗಸದ ಡಿಕ್ಕಿ

ಯುದ್ಧವಿಲ್ಲದ ಕಾಲದಲ್ಲಿ ತರಬೇತಿಗಾಗಿಯೋ ಪ್ರದರ್ಶನಕ್ಕಾಗಿಯೋ ಹಾರುತ್ತಿರುವ ಎರಡು ಅಥವಾ ಹೆಚ್ಚು ಸೇನಾ ಜೆಟ್ ವಿಮಾನಗಳು ಗಾಳಿಯಲ್ಲೇ ಒಂದಕ್ಕೊಂದು ತಗುಲುವ ಅಪಘಾತಕ್ಕೆ ಆಗಸದ ಡಿಕ್ಕಿ ಎಂದು ಹೆಸರು. ರನ್‌ವೇ ಮೇಲೆ ನಡೆಯುವ ಡಿಕ್ಕಿ, ಹಕ್ಕಿ ಬಡಿತ ಮತ್ತು ಶತ್ರುವಿನ ಗುಂಡಿನಿಂದಾಗುವ ಪತನ ಇದರೊಳಗೆ ಬರುವುದಿಲ್ಲ. ಯುದ್ಧವಿಮಾನದಂತೆಯೇ ಹಾರಿಸುವ ಹಾಕ್, ಆಲ್ಫಾ ಜೆಟ್ ಮೊದಲಾದ ತರಬೇತಿ ಜೆಟ್‌ಗಳ ಡಿಕ್ಕಿಯನ್ನೂ, ಯುದ್ಧವಿಮಾನ ನಾಗರಿಕ ವಿಮಾನಕ್ಕೆ ತಗುಲುವುದನ್ನೂ ಈ ಲೇಖನದಲ್ಲಿ ಸೇರಿಸಿಕೊಳ್ಳಲಾಗಿದೆ. ಕರ್ನಾಟಕದ ಮಟ್ಟಿಗೆ ಮುಖ್ಯವಾದವು ಎರಡು ಪ್ರಕರಣಗಳು: 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳ ಡಿಕ್ಕಿ, ಮತ್ತು 2023ರ ಜನವರಿಯಲ್ಲಿ ಮಧ್ಯಪ್ರದೇಶದ ಮೊರೆನಾ ಬಳಿ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಅವರನ್ನು ಬಲಿ ತೆಗೆದುಕೊಂಡ ಮಿರಾಜ್–ಸುಖೋಯ್ ಡಿಕ್ಕಿ.

ಮೂಲ

ವಿಮಾನಯಾನ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ, 1910ರ ಅಕ್ಟೋಬರಿನಲ್ಲಿ, ಇಟಲಿಯ ಮಿಲಾನ್‌ನಲ್ಲಿ ನಡೆದ ವಿಮಾನಮೇಳದಲ್ಲಿ ಎರಡು ವಿಮಾನಗಳು ಗಾಳಿಯಲ್ಲಿ ತಗುಲಿದವು. ಫ್ರಾನ್ಸಿನ ರೆನೆ ತೊಮಾ ಹಾರಿಸುತ್ತಿದ್ದ ಆಂತ್ವಾನೆತ್ ವಿಮಾನ, ಬ್ರಿಟನ್ನಿನ ಕ್ಯಾಪ್ಟನ್ ಬರ್ಟ್ರಮ್ ಡಿಕ್ಸನ್ ಅವರ ಫಾರ್ಮನ್ ವಿಮಾನದ ಮೇಲೆ ಬಿತ್ತು. ಇಬ್ಬರೂ ಬದುಕಿದರು. ವಿಮಾನಗಳ ನಡುವಣ ಡಿಕ್ಕಿಗಳಲ್ಲಿ ದಾಖಲಾದ ಮೊದಲನೆಯದು ಇದು.

ಸೇನೆಗಳಲ್ಲಿ ಇದು ಬಿಡದ ಪೀಡೆಯಾದದ್ದು ವಿಮಾನಗಳು ಗುಂಪಾಗಿ ಹಾರತೊಡಗಿದ ಮೇಲೆ. ಒಂಟಿ ವಿಮಾನಕ್ಕೆ ಹಿಂದಿನಿಂದ ಬರುವ ಶತ್ರು ಕಾಣುವುದಿಲ್ಲ. ಪಕ್ಕದಲ್ಲಿ ಇನ್ನೊಂದಿದ್ದರೆ ಒಬ್ಬರ ಬೆನ್ನನ್ನು ಇನ್ನೊಬ್ಬರು ಕಾಯಬಹುದು. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಜರ್ಮನ್ ಪೈಲಟ್‌ಗಳು ರೂಪಿಸಿದ ನಾಲ್ಕು ವಿಮಾನಗಳ ವ್ಯೂಹವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ಹೆಚ್ಚಿನ ವಾಯುಪಡೆಗಳಲ್ಲಿ ಬಳಕೆಯಲ್ಲಿದೆ. ನಾಗರಿಕ ವಿಮಾನಯಾನದಲ್ಲಿ ಎರಡು ವಿಮಾನಗಳು ಹತ್ತಿರ ಬಂದರೆ ಅದೇ ತಪ್ಪು. ಯುದ್ಧವಿಮಾನದ ತರಬೇತಿಯಲ್ಲಿ ಹತ್ತಿರ ಬರುವುದೇ ಪಾಠ. ಈ ಅಪಘಾತದ ಕಾರಣಗಳನ್ನೂ ತಡೆಕ್ರಮಗಳನ್ನೂ ನಾಗರಿಕ ವಿಮಾನಗಳ ಅಳತೆಗೋಲಿನಿಂದ ಅಳೆಯಲಾಗದಿರುವುದು ಅದಕ್ಕೇ.

ಡಿಕ್ಕಿಯ ಗಣಿತ

ಗಂಟೆಗೆ 900 ಕಿ.ಮೀ. ವೇಗದ ಎರಡು ವಿಮಾನಗಳು ಎದುರುಬದುರಾಗಿ ಬಂದರೆ ನಡುವಿನ ಅಂತರ ಸೆಕೆಂಡಿಗೆ 500 ಮೀಟರ್‌ನಂತೆ ಕರಗುತ್ತದೆ. ಎದುರಿನ ವಿಮಾನವನ್ನು ಕಂಡ ಕ್ಷಣದಿಂದ, ಅದು ವಿಮಾನವೆಂದು ಗುರುತಿಸಿ, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿತು, ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸಿ, ನಿಯಂತ್ರಣ ಕೋಲು ಎಳೆದು, ವಿಮಾನ ನಿಜವಾಗಿ ದಿಕ್ಕು ಬದಲಿಸುವವರೆಗೆ ಸುಮಾರು 12.5 ಸೆಕೆಂಡ್ ಬೇಕು ಎಂಬುದು ಅಮೆರಿಕದ ನಾಗರಿಕ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಕೊಡುವ ಲೆಕ್ಕ. ಇದರಲ್ಲಿ ಕೈ ಆಡಿಸಲು ತಗಲುವುದು ಅರ್ಧ ಸೆಕೆಂಡಿಗೂ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಅರಿವಿಗೆ ಮತ್ತು ತೀರ್ಮಾನಕ್ಕೆ ಹೋಗುತ್ತದೆ. ಆ ಲೆಕ್ಕದಂತೆ ಎದುರಿನ ವಿಮಾನ ಆರು ಕಿ.ಮೀ.ಗೂ ಹೆಚ್ಚು ದೂರದಲ್ಲಿರುವಾಗಲೇ ಕಣ್ಣಿಗೆ ಬಿದ್ದಿರಬೇಕು. ಮಿರಾಜ್ 2000ರ ರೆಕ್ಕೆಯಗಲ ಒಂಬತ್ತು ಮೀಟರಿಗೆ ತುಸು ಹೆಚ್ಚು. ಅಷ್ಟು ದೂರದಿಂದ ಅದು ಹುಣ್ಣಿಮೆಯ ಚಂದ್ರನ ಅಗಲದ ಆರನೆಯ ಒಂದು ಭಾಗದಷ್ಟು ಕಾಣುತ್ತದೆ, ಅದೂ ಬೂದುಬಣ್ಣ ಬಳಿದುಕೊಂಡು.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ನೇರ ಹಾರುತ್ತಿರುವ ಎರಡು ವಿಮಾನಗಳು ಡಿಕ್ಕಿಯ ದಾರಿಯಲ್ಲಿದ್ದರೆ ಒಂದರ ಗಾಜಿನಲ್ಲಿ ಇನ್ನೊಂದು ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತದೆ. ಅದು ಎಡಕ್ಕೂ ಸರಿಯದು, ಬಲಕ್ಕೂ ಸರಿಯದು. ಮನುಷ್ಯನ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ನಿಂತ ಚುಕ್ಕಿಯನ್ನು ಹಿಡಿಯುವುದಿಲ್ಲ. ಆ ಚುಕ್ಕಿ ಬಹಳ ಹೊತ್ತು ಚುಕ್ಕಿಯಾಗಿಯೇ ಇದ್ದು, ಕೊನೆಯ ಎರಡು ಮೂರು ಸೆಕೆಂಡುಗಳಲ್ಲಿ ಒಮ್ಮೆಗೇ ಹಿಗ್ಗುತ್ತದೆ. ಕಾಕ್‌ಪಿಟ್‌ನ ಚೌಕಟ್ಟಿನ ಹಿಂದೆ ಅದು ಅಡಗಿದ್ದರೆ ಆ ಹಿಗ್ಗುವಿಕೆಯೂ ಕಾಣದು. ಪೈಲಟ್‌ಗಳಿಗೆ ತಲೆ ಆಡಿಸುತ್ತ ನೋಡಲು ಕಲಿಸುವುದು ಇದಕ್ಕಾಗಿ.

ವಿಧಗಳು

ಕಾದಾಟದ ಅಭ್ಯಾಸದಲ್ಲಿ ಆಗುವ ಡಿಕ್ಕಿ. ಒಂದೇ ಜಾತಿಯ ಅಥವಾ ಬೇರೆ ಬೇರೆ ಜಾತಿಯ ವಿಮಾನಗಳನ್ನು ಎದುರುಬದುರು ಹಾರಿಸಿ, ಒಂದು ಇನ್ನೊಂದರ ಬಾಲ ಹಿಡಿಯಲು ಯತ್ನಿಸುವ ಅಭ್ಯಾಸದಲ್ಲಿ ಇದು ಸಂಭವಿಸುತ್ತದೆ. 1983ರ ಮೇ 1ರಂದು ಇಸ್ರೇಲಿನ ನೆಗೆವ್ ಮರುಭೂಮಿಯ ಮೇಲೆ ಎಫ್-15 ಮತ್ತು ಎ-4 ಸ್ಕೈಹಾಕ್ ಹೀಗೆಯೇ ತಗುಲಿದವು. ಸ್ಕೈಹಾಕ್ ಒಡೆದುಹೋಯಿತು, ಅದರ ಪೈಲಟ್ ಹೊರಜಿಗಿದು ಉಳಿದರು. ಎಫ್-15ರ ಬಲರೆಕ್ಕೆ ಬುಡದಲ್ಲೇ ಕಿತ್ತುಹೋಗಿತ್ತು. ಸೋರುತ್ತಿದ್ದ ಇಂಧನದ ತೆರೆಯಿಂದಾಗಿ ಅದು ಪೈಲಟ್ ಜಿವಿ ನೆದಿವಿ ಅವರಿಗೆ ಕಾಣಲಿಲ್ಲ. ಅವರು ಮಾಮೂಲಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ರಾಮೋನ್ ನೆಲೆಯಲ್ಲಿ ವಿಮಾನವನ್ನು ಇಳಿಸಿದರು. ಅಗಲವಾದ ಒಡಲು ಮತ್ತು ವೇಗ ಎರಡೂ ಸೇರಿ ಒಂದು ರೆಕ್ಕೆಯ ಕೊರತೆಯನ್ನು ತುಂಬಿದವು. ಇಂಥ ಅದೃಷ್ಟ ಅಪರೂಪ. 2008ರ ಫೆಬ್ರವರಿಯಲ್ಲಿ ಮೆಕ್ಸಿಕೋ ಕೊಲ್ಲಿಯ ಮೇಲೆ ಎರಡು ಎಫ್-15ಗಳು ತಗುಲಿ ಒಬ್ಬ ಪೈಲಟ್ ತೀರಿಕೊಂಡರು. 2019ರ ಜೂನ್ 24ರಂದು ಈಶಾನ್ಯ ಜರ್ಮನಿಯಲ್ಲಿ ಎರಡು ಯೂರೋಫೈಟರ್‌ಗಳ ಡಿಕ್ಕಿಯಲ್ಲಿಯೂ ಹಾಗೆಯೇ ಆಯಿತು.

ಗುಂಪು ಸೇರುವಾಗಿನ ಡಿಕ್ಕಿ. ಚದುರಿದ ವಿಮಾನ ನಾಯಕನ ಪಕ್ಕಕ್ಕೆ ಮರಳುವುದು ತೋರಿಕೆಗೆ ಸರಳ, ಕಲಿಯುವವನಿಗೆ ಕಠಿಣ. ನಾಯಕ ತಿರುವಿನಲ್ಲಿರುತ್ತಾನೆ. ಹಿಂಬಾಲಕ ತಿರುವಿನ ಒಳಬದಿಯಿಂದ ಅಡ್ಡದಾರಿ ಹಿಡಿದು, ನಾಯಕನಿಗಿಂತ ಸ್ವಲ್ಪ ಕೆಳಗೆ ಉಳಿದು, ಅಂತರ ಕಡಿಮೆಯಾದಂತೆ ವೇಗವನ್ನೂ ಇಳಿಸುತ್ತ ಬರಬೇಕು. ವೇಗ ಹೆಚ್ಚಾಗಿಬಿಟ್ಟರೆ ಹೊಸಬನ ಮೊದಲ ತುಡಿತ ನಾಯಕನಿಂದ ದೂರ ಹೊರಳುವುದು. ಹಾಗೆ ಹೊರಳಿದರೆ ಅವನ ವಿಮಾನದ ಹೊಟ್ಟೆ ನಾಯಕನ ಕಡೆ ತಿರುಗಿ, ನಾಯಕ ಕಣ್ಣಿಂದ ಮರೆಯಾಗುತ್ತಾನೆ. ವಿಮಾನ ಮಾತ್ರ ಅತ್ತಲೇ ಜಾರುತ್ತಿರುತ್ತದೆ. ಆದ್ದರಿಂದ ನಿಯಮ ಹೀಗಿದೆ: ಹೊರಳದೆ, ನಾಯಕನ ಕೆಳಗೆ ಮತ್ತು ಹಿಂದೆ ಹಾದು, ತಿರುವಿನ ಹೊರಬದಿಗೆ ಹೋಗಿ ಮತ್ತೆ ಹೊಂದಿಕೊಳ್ಳಬೇಕು. ನಾಯಕ ಒಂದು ಕ್ಷಣವೂ ಕಣ್ಣಿಂದ ತಪ್ಪಬಾರದು.

ನಿಕಟ ವ್ಯೂಹದ ಡಿಕ್ಕಿ. ಇಲ್ಲಿ ವಿಮಾನಗಳ ನಡುವಿನ ವೇಗದ ವ್ಯತ್ಯಾಸ ಕಡಿಮೆ, ಅಂತರವೂ ಕಡಿಮೆ. ಅಪಾಯ ಬರುವುದು ಗಾಳಿಯಿಂದ. ಪ್ರತಿ ವಿಮಾನದ ರೆಕ್ಕೆತುದಿಯಲ್ಲೂ ಸುಳಿಗಾಳಿ ಏಳುತ್ತದೆ. ಅದರೊಳಗೆ ಸಿಕ್ಕ ಸಣ್ಣ ವಿಮಾನ ಪೈಲಟ್‌ನ ಹತೋಟಿ ಮೀರಿ ಹೊರಳಬಹುದು. 1966ರ ಜೂನ್ 8ರಂದು ಅಮೆರಿಕದಲ್ಲಿ ಛಾಯಾಚಿತ್ರಕ್ಕಾಗಿ ಒಟ್ಟಿಗೆ ಹಾರುತ್ತಿದ್ದಾಗ ಎಫ್-104 ಯುದ್ಧವಿಮಾನ ಬೃಹತ್ ಎಕ್ಸ್‌ಬಿ-70 ಬಾಂಬರ್‌ನ ಸುಳಿಗೆ ಸಿಕ್ಕಿ ಅದರ ಬಾಲಕ್ಕೆ ಬಡಿಯಿತು. ಹೆಸರಾಂತ ಪರೀಕ್ಷಾ ಪೈಲಟ್ ಜೋ ವಾಕರ್ ಸತ್ತದ್ದು ಈ ಡಿಕ್ಕಿಯಲ್ಲಿ. ಅಂದು ಕಾದಾಟದ ಅಭ್ಯಾಸವೂ ಇರಲಿಲ್ಲ, ಕಸರತ್ತೂ ಇರಲಿಲ್ಲ.

ಪ್ರದರ್ಶನದ ಡಿಕ್ಕಿ. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್ ನೆಲೆಯಲ್ಲಿ ಇಟಲಿಯ ತಂಡದ ಮೂರು ವಿಮಾನಗಳು ಡಿಕ್ಕಿಯಾಗಿ, ಒಂದು ಜನರ ಗುಂಪಿನ ಮೇಲೆ ಬಿತ್ತು. ಒಟ್ಟು 70 ಜನ ಸತ್ತರು. ಪ್ರೇಕ್ಷಕರ ಕಡೆಗೆ ಮುಖ ಮಾಡಿ ಬರುವ ಕಸರತ್ತುಗಳಿಗೆ ಹಲವು ದೇಶಗಳಲ್ಲಿ ಕಡಿವಾಣ ಬಿದ್ದದ್ದು ಇದಾದ ಮೇಲೆ. 2025ರ ಮಾರ್ಚ್ 25ರಂದು ಫ್ರಾನ್ಸಿನ ಪ್ರದರ್ಶನ ತಂಡದ ಎರಡು ಆಲ್ಫಾ ಜೆಟ್‌ಗಳು ತಗುಲಿದಾಗ ಅವುಗಳಲ್ಲಿದ್ದ ಮೂವರೂ ಹೊರಜಿಗಿದು ಬದುಕಿದರು.

ಹೊರಗಿನ ವಿಮಾನಕ್ಕೆ ತಗುಲುವುದು. ತರಬೇತಿಯಲ್ಲಿದ್ದ ಯುದ್ಧವಿಮಾನ ನಾಗರಿಕ ವಿಮಾನಕ್ಕೆ ಬಡಿದರೆ ಸಾವಿನ ಪ್ರಮಾಣವೇ ಬೇರೆಯಾಗುತ್ತದೆ. 1971ರ ಜುಲೈ 30ರಂದು ಜಪಾನಿನ ಶಿಜುಕುಇಶಿ ಪಟ್ಟಣದ ಮೇಲೆ ತರಬೇತಿಯ ಎಫ್-86, ಪ್ರಯಾಣಿಕರ ಬೋಯಿಂಗ್ 727ಕ್ಕೆ ತಗುಲಿತು. ಬೋಯಿಂಗ್‌ನಲ್ಲಿದ್ದ 162 ಜನರೂ ಸತ್ತರು. ಯುದ್ಧವಿಮಾನದ ಪೈಲಟ್ ಪ್ಯಾರಾಶೂಟಿನಲ್ಲಿ ಇಳಿದು ಉಳಿದರು.

ಯಲಹಂಕ, 2019

ಸೂರ್ಯಕಿರಣ ತಂಡ ಭಾರತೀಯ ವಾಯುಪಡೆಯ 52ನೇ ಸ್ಕ್ವಾಡ್ರನ್. 1996ರಲ್ಲಿ ಬೀದರ್ ನೆಲೆಯಲ್ಲಿ, ಎಚ್‌ಎಎಲ್ ತಯಾರಿಸಿದ ಕಿರಣ್ ವಿಮಾನಗಳೊಂದಿಗೆ ಅದು ಹುಟ್ಟಿತು. ವಿಮಾನದಿಂದಲೇ ತಂಡಕ್ಕೆ ಹೆಸರು ಬಂತು. ತರಬೇತಿಗೆ ಕಿರಣ್ ವಿಮಾನಗಳು ಸಾಲದಾದ್ದರಿಂದ 2011ರಲ್ಲಿ ತಂಡವನ್ನು ನಿಲ್ಲಿಸಿ, ಕೆಲವು ವರ್ಷಗಳ ನಂತರ ಹಾಕ್ ಮಾರ್ಕ್ 132 ವಿಮಾನಗಳೊಂದಿಗೆ ಮತ್ತೆ ಕಟ್ಟಲಾಯಿತು. ಈ ಹಾಕ್ ಬ್ರಿಟಿಷ್ ವಿನ್ಯಾಸದ್ದು; ಭಾರತದ ಹೆಚ್ಚಿನ ಹಾಕ್‌ಗಳನ್ನು ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದೆ. ಒಂಬತ್ತು ವಿಮಾನಗಳ ಈ ತಂಡ ಐದು ಮೀಟರ್ ಆಸುಪಾಸಿನ ಅಂತರದಲ್ಲಿ ಹಾರುತ್ತದೆ.

2019ರ ಫೆಬ್ರವರಿ 19, ಏರೋ ಇಂಡಿಯಾ ವಿಮಾನ ಪ್ರದರ್ಶನ ಶುರುವಾಗುವ ಹಿಂದಿನ ದಿನ. ಯಲಹಂಕ ವಾಯುನೆಲೆಯ ಮೇಲೆ ತಾಲೀಮು ನಡೆಯುತ್ತಿದ್ದಾಗ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ತಂಡದ ಎರಡು ವಿಮಾನಗಳು ಒಂದಕ್ಕೊಂದು ತಗುಲಿದವು. ಎರಡರಲ್ಲೂ ಸೇರಿ ಮೂವರು ಪೈಲಟ್‌ಗಳಿದ್ದರು. ವಿಂಗ್ ಕಮಾಂಡರ್ ವಿ. ಟಿ. ಶೆಲ್ಕೆ ಮತ್ತು ಸ್ಕ್ವಾಡ್ರನ್ ಲೀಡರ್ ತೇಜೇಶ್ವರ್ ಸಿಂಗ್ ಹೊರಜಿಗಿದು ಬದುಕಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅವಶೇಷ ಬಿದ್ದದ್ದು ನೆಲೆಯ ಹೊರಗೆ, ಇಸ್ರೋ ಬಡಾವಣೆಯ ಆಸುಪಾಸಿನಲ್ಲಿ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿರುವ ಏರೋ ಇಂಡಿಯಾ ಆರಂಭವಾದಾಗ ಯಲಹಂಕ ಊರಿನ ಅಂಚಾಗಿತ್ತು. ಈಗ ಸುತ್ತ ಮನೆಗಳು, ಅಪಾರ್ಟ್‌ಮೆಂಟುಗಳು ತುಂಬಿವೆ. ಅಂದು ಸಾವಿನ ಸಂಖ್ಯೆ ಒಂದಕ್ಕೆ ನಿಂತದ್ದರಲ್ಲಿ, ಅವಶೇಷ ಎಲ್ಲಿ ಬಿತ್ತು ಎಂಬ ಆಕಸ್ಮಿಕದ ಪಾಲು ದೊಡ್ಡದು.

ಮೊರೆನಾ, 2023

2023ರ ಜನವರಿ 28ರ ಬೆಳಿಗ್ಗೆ ಗ್ವಾಲಿಯರ್ ನೆಲೆಯಿಂದ ಹೊರಟ ಒಂದು ಸುಖೋಯ್-30 ಎಂಕೆಐ ಮತ್ತು ಒಂದು ಮಿರಾಜ್ 2000, ದೈನಂದಿನ ಕಾರ್ಯಾಚರಣೆ ತರಬೇತಿಯ ವೇಳೆ ಅಪಘಾತಕ್ಕೀಡಾದವು. ಗ್ವಾಲಿಯರ್ ಭಾರತದ ಮಿರಾಜ್‌ಗಳ ತವರು. ಅನುಭವಿ ಪೈಲಟ್‌ಗಳಿಗೆ ಕಾದಾಟದ ತಂತ್ರ ಕಲಿಸುವ ವಾಯುಪಡೆಯ ಸಂಸ್ಥೆ ಇರುವುದೂ ಅಲ್ಲೇ. ಎರಡು ವಿಮಾನಗಳ ಸ್ವಭಾವ ಬೇರೆ ಬೇರೆ. ಸುಖೋಯ್ ಇಬ್ಬರು ಕೂರುವ, ಎರಡು ಎಂಜಿನ್‌ಗಳ, ಸುಮಾರು 14.7 ಮೀಟರ್ ರೆಕ್ಕೆಯಗಲದ ಭಾರೀ ವಿಮಾನ. ಮಿರಾಜ್ ಒಂದೇ ಎಂಜಿನ್ನಿನ, ತ್ರಿಕೋನ ರೆಕ್ಕೆಯ ಹಗುರ ವಿಮಾನ. ಸುಖೋಯ್‌ನಲ್ಲಿದ್ದ ಇಬ್ಬರೂ ಹೊರಜಿಗಿದು ಉಳಿದರು. ಮಿರಾಜ್ ಹಾರಿಸುತ್ತಿದ್ದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಉಳಿಯಲಿಲ್ಲ. ಮರುದಿನ ಅವರ ಅಂತ್ಯಕ್ರಿಯೆ ಹುಟ್ಟೂರು ಬೆಳಗಾವಿಯಲ್ಲಿ ಸೇನಾ ಗೌರವಗಳೊಂದಿಗೆ ನಡೆಯಿತು.

ಅವಶೇಷಗಳು ಎರಡು ರಾಜ್ಯಗಳಲ್ಲಿ ಬಿದ್ದವು. ಒಂದಷ್ಟು ಮೊರೆನಾ ಜಿಲ್ಲೆಯ ಪಹಾಡ್‌ಗಢ ಭಾಗದಲ್ಲಿ, ಒಂದಷ್ಟು ಸುಮಾರು ನೂರು ಕಿ.ಮೀ. ದೂರದ ರಾಜಸ್ಥಾನದ ಭರತ್‌ಪುರ ಜಿಲ್ಲೆಯಲ್ಲಿ. ಮೊದಲ ಕೆಲವು ಗಂಟೆ ಭರತ್‌ಪುರದ್ದು ಬೇರೆಯೇ ಅಪಘಾತ ಎಂದು ಸುದ್ದಿಯಾಗಿತ್ತು.

ಕಾರಣಗಳು

ಒಂದೇ ಕಾರಣಕ್ಕೆ ಡಿಕ್ಕಿಯಾಗುವುದು ಕಡಿಮೆ. ಜತೆಗಾರ ಕಣ್ಣಿಂದ ಮರೆಯಾಗುವುದು, ಮರೆಯಾದದ್ದನ್ನು ರೇಡಿಯೊದಲ್ಲಿ ಹೇಳಲು ತಡವಾಗುವುದು, ಇಬ್ಬರೂ ಒಂದೇ ಎತ್ತರಕ್ಕೆ ಬರುವುದು ಮೂರೂ ಕೂಡಿಬಂದಾಗ ಅನಾಹುತ ಸಂಭವಿಸುತ್ತದೆ. ಸೂರ್ಯನ ಕಡೆಯಿಂದ ಬರುವ ವಿಮಾನ ಕಾಣದು. ಮೂರನೆಯ ವಿಮಾನದ ಮೇಲೆ ಕಣ್ಣು ನೆಟ್ಟವನು ಎರಡನೆಯದನ್ನು ಮರೆಯುತ್ತಾನೆ. ಹಲವು ವಿಮಾನಗಳ ಅಭ್ಯಾಸದಲ್ಲಿ ಸ್ವಂತ ಜತೆಗಾರನಿಗೇ ತಗುಲುವ ಅಪಾಯ ಹೀಗೆ ಹುಟ್ಟುತ್ತದೆ.

ದೇಹದ ಮಿತಿಯೂ ಸೇರಿಕೊಳ್ಳುತ್ತದೆ. ಬಿಗಿಯಾದ ತಿರುವಿನಲ್ಲಿ ಪೈಲಟ್‌ನ ಮೇಲೆ ಅವನ ತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ರಕ್ತ ತಲೆಯಿಂದ ಕೆಳಗಿಳಿಯುತ್ತದೆ. ಮೊದಲು ಬಣ್ಣ ಮಾಸಿ ನೋಟದ ಅಂಚು ಕಿರಿದಾಗುತ್ತದೆ, ನಂತರ ಕತ್ತಲೆ, ಕೊನೆಗೆ ಎಚ್ಚರ ತಪ್ಪುವುದು. ಎದುರಾಳಿಯನ್ನು ಹುಡುಕಲು ಅತ್ತಿತ್ತ ನೋಡಲೇಬೇಕಾದ ಹೊತ್ತಿನಲ್ಲೇ ಅಂಚಿನ ನೋಟ ಹೋಗುತ್ತದೆ. ಮೋಡದಲ್ಲಿ ಒಳಕಿವಿಯ ಸೂಚನೆ ತಪ್ಪಿ ಮೇಲೆ ಕೆಳಗೆ ತಿಳಿಯದಂತಾಗುವುದೂ ಉಂಟು. ಈ ಎರಡಕ್ಕೂ ಭಾರತೀಯ ಪೈಲಟ್‌ಗಳಿಗೆ ತಾಲೀಮು ಕೊಡುವುದು ಬೆಂಗಳೂರಿನ ವೈಮಾನಿಕ ಮತ್ತು ಅಂತರಿಕ್ಷ ವೈದ್ಯಕೀಯ ಸಂಸ್ಥೆ. ಗಿರಗಿರನೆ ಸುತ್ತಿ ಆ ಒತ್ತಡವನ್ನು ಉಂಟುಮಾಡುವ ಯಂತ್ರ, ದಿಕ್ಕುತಪ್ಪಿದ ಅನುಭವ ಕೊಡುವ ಯಂತ್ರ ಎರಡೂ ಅಲ್ಲಿವೆ.

ತಡೆಯುವ ನಿಯಮಗಳು

ಪ್ರತಿ ಹಾರಾಟಕ್ಕೂ ಮುನ್ನ ಬ್ರೀಫಿಂಗ್, ಇಳಿದ ಮೇಲೆ ಡೀಬ್ರೀಫಿಂಗ್ ಕಡ್ಡಾಯ. ಎದುರುಬದುರು ಪಕ್ಷಗಳಿಗೆ ಬೇರೆ ಬೇರೆ ಎತ್ತರದ ಪಟ್ಟಿಗಳನ್ನು ಹಂಚುತ್ತಾರೆ; ಪರಸ್ಪರ ಕಣ್ಣಿಗೆ ಬಿದ್ದಿರುವುದು ಖಚಿತವಾಗದೆ ಯಾರೂ ತಮ್ಮ ಪಟ್ಟಿ ದಾಟುವಂತಿಲ್ಲ. ಪ್ರತಿ ವಿಮಾನದ ಸುತ್ತ ಯಾರೂ ನುಗ್ಗಬಾರದ ಒಂದು ಗುಳ್ಳೆಯನ್ನು ಕಲ್ಪಿಸಲಾಗುತ್ತದೆ. ಅಮೆರಿಕದ ವಾಯುಪಡೆಯಲ್ಲಿ ಅದರ ಅಳತೆ 500 ಅಡಿ. ನೆಲಕ್ಕಿಂತ ಸಾವಿರಾರು ಅಡಿ ಮೇಲೆ ಒಂದು ಸುಳ್ಳು ನೆಲವನ್ನೂ ಗೊತ್ತುಮಾಡುತ್ತಾರೆ. ಅದನ್ನು ತಟ್ಟಿದವನು ಆ ಅಭ್ಯಾಸದಲ್ಲಿ ಸತ್ತಂತೆ ಲೆಕ್ಕ.

ರೇಡಿಯೊ ಮಾತು ಚುಟುಕಾಗಿರುತ್ತದೆ. ಸ್ವಂತ ಜತೆಗಾರ ಕಾಣುತ್ತಿದ್ದರೆ ‘ವಿಷುಯಲ್’, ಮರೆಯಾದರೆ ‘ಬ್ಲೈಂಡ್’. ಎದುರಾಳಿ ಕಂಡರೆ ‘ಟ್ಯಾಲಿ’, ಕಾಣದಿದ್ದರೆ ‘ನೋ ಜಾಯ್’. ಎರಡು ಜೋಡಿ ಪದಗಳನ್ನು ಬೇರೆಯಾಗಿ ಇಟ್ಟಿರುವುದು ಉದ್ದೇಶಪೂರ್ವಕ: ಯಾರು ಕಂಡರು, ಯಾರು ಮರೆಯಾದರು ಎಂಬ ಗೊಂದಲಕ್ಕೆ ಎಡೆಯಿರಬಾರದು. ಅಪಾಯ ಕಂಡ ಯಾರೇ ಆದರೂ ‘ನಾಕ್ ಇಟ್ ಆಫ್’ ಎಂದರೆ ಎಲ್ಲರೂ ಕಾದಾಟ ನಿಲ್ಲಿಸಿ ಬೇರ್ಪಡಬೇಕು. ಇದನ್ನು ಹೇಳಲು ಪದವಿ ಅಡ್ಡಬರುವುದಿಲ್ಲ; ತಂಡದ ಅತಿ ಕಿರಿಯನೂ ಹೇಳಬಹುದು. ವ್ಯೂಹ ಮೋಡದೊಳಗೆ ಹೊಕ್ಕು ನಾಯಕ ಕಾಣದಾದರೆ ಹಿಂಬಾಲಕ ಹುಡುಕಾಟಕ್ಕೆ ಹೋಗುವಂತಿಲ್ಲ. ನೇರ ಹಾರಾಟದಲ್ಲಿದ್ದರೆ 15 ಡಿಗ್ರಿ ಆಚೆಗೆ ತಿರುಗಿ 15 ಸೆಕೆಂಡ್ ದೂರ ಸರಿಯುವುದು ಅಮೆರಿಕದಲ್ಲಿ ಕಲಿಸುವ ಕ್ರಮ.

ನಾಗರಿಕ ವಿಮಾನಗಳಲ್ಲಿರುವ ಡಿಕ್ಕಿ ಎಚ್ಚರಿಕೆ ಉಪಕರಣವನ್ನು ಭಾರತ ಕಡ್ಡಾಯ ಮಾಡಿದ್ದು 1996ರ ನವೆಂಬರ್ 12ರ ಚರ್ಖಿ ದಾದ್ರಿ ದುರಂತದ ನಂತರ. ಆ ಡಿಕ್ಕಿಯಲ್ಲಿ 349 ಜನ ಸತ್ತಿದ್ದರು. ಆದರೆ ನಿಕಟ ವ್ಯೂಹದಲ್ಲಿ ಅಂಥ ಉಪಕರಣ ಎಡೆಬಿಡದೆ ಕೂಗುತ್ತಿರುತ್ತದೆ. ವ್ಯೂಹದಲ್ಲಿ ಸಾಮಾನ್ಯವಾಗಿ ನಾಯಕನ ವಿಮಾನವೊಂದೇ ರೇಡಾರಿಗೆ ಗುರುತಿನ ಸಂಕೇತ ಕಳಿಸುತ್ತದೆ.

ಹೊರಜಿಗಿತ ಮತ್ತು ನೆಲದ ಮೇಲಿನ ಪರಿಣಾಮ

ಡಿಕ್ಕಿಯ ನಂತರ ಬದುಕು ನಿಂತಿರುವುದು ಎಜೆಕ್ಷನ್ ಸೀಟಿನ ಮೇಲೆ. ಇಂದಿನ ಸೀಟುಗಳು ನೆಲದಲ್ಲಿ ನಿಂತ ವಿಮಾನದಿಂದಲೂ ಪೈಲಟ್‌ನನ್ನು ಪ್ಯಾರಾಶೂಟ್ ಬಿಚ್ಚುವಷ್ಟು ಮೇಲಕ್ಕೆ ಚಿಮ್ಮಿಸಬಲ್ಲವು. ಆದರೂ ಕಾಕ್‌ಪಿಟ್ಟಿಗೇ ಪೆಟ್ಟು ಬಿದ್ದಿದ್ದರೆ, ವಿಮಾನ ತಲೆಕೆಳಗಾಗಿ ನೆಲದ ಹತ್ತಿರವಿದ್ದರೆ, ಅಥವಾ ಪೈಲಟ್‌ಗೆ ಎಚ್ಚರ ತಪ್ಪಿದ್ದರೆ ಸೀಟು ಉಪಯೋಗಕ್ಕೆ ಬಾರದು.

ಅವಶೇಷ ಎಷ್ಟು ವಿಸ್ತಾರಕ್ಕೆ ಹರಡಬಹುದು ಎಂಬುದಕ್ಕೆ ಮೊರೆನಾ ಪ್ರಕರಣ ಒಂದು ಅಳತೆ. ಕರ್ನಾಟಕದ ನಕ್ಷೆಗೆ ಹೋಲಿಸಿದರೆ, ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಸುಮಾರು 30–40 ಕಿ.ಮೀ. ಒಳಗಿವೆ; ನೂರು ಕಿ.ಮೀ. ಅಂತರದ ಚದುರುವಿಕೆಯಲ್ಲಿ ಈ ನಾಲ್ಕು ತಾಲ್ಲೂಕುಗಳೂ ಸೇರಿ, ನೆರೆಯ ಜಿಲ್ಲೆಗೂ ಜಾಗ ಉಳಿಯುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟ, ಅರಕಲಗೂಡಿನ ಹೊಗೆಸೊಪ್ಪಿನ ಹೊಲದಂಥ ಕಡೆ ಬಿದ್ದ ಚೂರುಗಳನ್ನು ಕಾಲ್ನಡಿಗೆಯಲ್ಲೇ ಹುಡುಕಬೇಕು. ಗ್ರಾಮೀಣ ಪ್ರದೇಶದಲ್ಲಿ ಮೊದಲು ತಲುಪುವವರು ಊರಿನವರು, ಆಮೇಲೆ ಠಾಣೆಯ ಪೊಲೀಸರು; ವಾಯುಪಡೆಯ ತಂಡ ಬರುವುದು ಅನಂತರ. ಆ ನಡುವಿನ ಹೊತ್ತಿನಲ್ಲಿ ಅವಶೇಷವನ್ನು ಮುಟ್ಟದಿರುವುದು ಮುಖ್ಯ. ಸಿಡಿಯದೆ ಉಳಿದ ಸೀಟಿನ ರಾಕೆಟ್ ಮತ್ತು ಸಿಡಿಮದ್ದು ಕೈತಾಗಿ ಸಿಡಿಯಬಹುದು. ಸುಟ್ಟ ಕಾರ್ಬನ್ ನಾರಿನ ಪುಡಿ ಶ್ವಾಸಕೋಶಕ್ಕೆ ಹಾನಿ. ನೆನಪಿಗೆಂದು ಒಯ್ದ ಒಂದು ತುಂಡು ತನಿಖೆಗೆ ಬೇಕಾದ ಸಾಕ್ಷ್ಯವೇ ಆಗಿರಬಹುದು: ಒಂದು ವಿಮಾನದ ಬಣ್ಣ ಇನ್ನೊಂದರ ತಗಡಿನ ಮೇಲೆ ಎಲ್ಲಿ ಉಜ್ಜಿದೆ ಎಂಬುದರಿಂದ ಅವು ಯಾವ ಕೋನದಲ್ಲಿ ತಗುಲಿದವು ಎಂದು ತಿಳಿಯುತ್ತದೆ.

ತನಿಖೆ

1944ರ ಷಿಕಾಗೊ ಒಪ್ಪಂದ ಸೇನಾ ವಿಮಾನಗಳಿಗೆ ಅನ್ವಯಿಸುವುದಿಲ್ಲ. ಭಾರತದಲ್ಲಿ ನಾಗರಿಕ ಅಪಘಾತಗಳನ್ನು ವಿಮಾನ ಅಪಘಾತ ತನಿಖಾ ಬ್ಯೂರೊ ನೋಡಿಕೊಂಡರೆ, ವಾಯುಪಡೆಯ ಅಪಘಾತಗಳನ್ನು ವಾಯುಪಡೆಯೇ ನೇಮಿಸುವ ಕೋರ್ಟ್ ಆಫ್ ಎನ್‌ಕ್ವೈರಿ ವಿಚಾರಿಸುತ್ತದೆ. ಯಲಹಂಕ ಮತ್ತು ಮೊರೆನಾ ಎರಡರಲ್ಲೂ ಹಾಗೆಯೇ ಆಯಿತು. ಅಮೆರಿಕದಲ್ಲಿ ಇಂಥ ತನಿಖೆಯ ಒಂದು ಆವೃತ್ತಿಯನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡುತ್ತಾರೆ. ಭಾರತದಲ್ಲಿ ಪೂರ್ಣ ವರದಿ ಸಾಮಾನ್ಯವಾಗಿ ಹೊರಬರುವುದಿಲ್ಲ. ಪೈಲಟ್‌ಗಳು ಅಂಜದೆ ನಿಜ ಹೇಳಲು ಗೌಪ್ಯ ಬೇಕೆಂಬ ವಾದಕ್ಕೆ ತೂಕವಿದೆ, ಆದರೆ ಅಷ್ಟಕ್ಕೇ ಪೂರ್ಣ ಮೌನ ಅನಿವಾರ್ಯವೇನಲ್ಲ.

ಲಭ್ಯವಿರುವ ಒಟ್ಟಾರೆ ಅಂಕಿಗಳು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮೂಲಕ ಬಂದವು. 2017ರಿಂದ 2022ರ ಅವಧಿಯಲ್ಲಿ ವಾಯುಪಡೆಯ 34 ವಿಮಾನ ಅಪಘಾತಗಳಾದವು. ಅವುಗಳಲ್ಲಿ 19ಕ್ಕೆ ಹಾರಾಟ ಸಿಬ್ಬಂದಿಯ ತಪ್ಪು ಕಾರಣವೆಂದು ಸಮಿತಿಯ 2024ರ ವರದಿ ದಾಖಲಿಸಿದೆ. ಆಗಸದ ಡಿಕ್ಕಿಯಷ್ಟೇ ಅಲ್ಲ, ಎಲ್ಲ ಬಗೆಯ ಅಪಘಾತಗಳೂ ಈ ಲೆಕ್ಕದಲ್ಲಿ ಸೇರಿವೆ.

ಇಂದಿನ ಸ್ಥಿತಿ

ಸೂರ್ಯಕಿರಣ ತಂಡ ಹಾಕ್ ವಿಮಾನಗಳೊಂದಿಗೆ ಪ್ರದರ್ಶನ ಮುಂದುವರಿಸಿದೆ. 2023ರ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಮೇಲೆಯೂ, ಅದೇ ವರ್ಷದ ನವೆಂಬರಿನಲ್ಲಿ ಅಹಮದಾಬಾದಿನ ವಿಶ್ವಕಪ್ ಕ್ರಿಕೆಟ್ ಫೈನಲ್‌ಗೆ ಮುನ್ನವೂ ಅದು ಹಾರಿತು.

ತರಬೇತಿಯ ಒಂದು ಪಾಲು ಸಿಮ್ಯುಲೇಟರಿಗೆ ಸರಿದಿದೆ. ಅಲ್ಲಿ ನೂರು ಸಲ ಡಿಕ್ಕಿಯಾದರೂ ನಷ್ಟವಿಲ್ಲ, ಆದರೆ ಮೈಮೇಲೆ ಬೀಳುವ ಒತ್ತಡವನ್ನೂ ಬಿಸಿಲಿನ ಕುಕ್ಕುವಿಕೆಯನ್ನೂ ಅದು ಪೂರ್ತಿಯಾಗಿ ಕೊಡಲಾರದು. ಹಾರಾಟದ ದಾರಿಯನ್ನು ದಾಖಲಿಸಿ ಡೀಬ್ರೀಫಿಂಗ್‌ನಲ್ಲಿ ಮತ್ತೆ ತೋರಿಸುವ ಉಪಕರಣಗಳಿಂದ ಡಿಕ್ಕಿಯಾಗದೆ ತಪ್ಪಿಹೋದ ಸಂದರ್ಭಗಳೂ ಈಗ ಬೆಳಕಿಗೆ ಬರುತ್ತವೆ. ಮುಂಚೆ ಅವು ಪೈಲಟ್‌ಗಳ ಬಾಯಿಮಾತಿನಲ್ಲಷ್ಟೇ ಉಳಿಯುತ್ತಿದ್ದವು. ನೆಲಕ್ಕೆ ಬಡಿಯುವ ಮುನ್ನ ವಿಮಾನವನ್ನು ತಾನಾಗಿ ಮೇಲೆತ್ತುವ ವ್ಯವಸ್ಥೆ 2014ರಿಂದ ಅಮೆರಿಕದ ಎಫ್-16ಗಳಲ್ಲಿದ್ದು, ಹಲವು ಪೈಲಟ್‌ಗಳನ್ನು ಉಳಿಸಿದೆ. ಅದೇ ತತ್ತ್ವವನ್ನು ವಿಮಾನ–ವಿಮಾನ ಡಿಕ್ಕಿಗೆ ಅಳವಡಿಸುವ ಯತ್ನ ಪರೀಕ್ಷಾ ಹಾರಾಟದವರೆಗೆ ಬಂದಿದೆ. ನೆಲ ನಿಂತ ಕಡೆಯೇ ಇರುತ್ತದೆ. ಎದುರಿನ ವಿಮಾನ ಮುಂದಿನ ಕ್ಷಣ ಯಾವ ಕಡೆ ಹೊರಳುತ್ತದೆಂದು ಗಣಕಯಂತ್ರ ಊಹಿಸಬೇಕು. ಅದಕ್ಕೆ ಎರಡೂ ವಿಮಾನಗಳು ಪರಸ್ಪರ ಮಾಹಿತಿ ಹಂಚಿಕೊಳ್ಳಬೇಕು, ಮತ್ತು ಇಬ್ಬರಲ್ಲಿ ಯಾರೂ ಕಾದಾಟದ ಪಾಠವನ್ನು ಅರ್ಧಕ್ಕೇ ಬಿಡದಂತೆ ಯಂತ್ರ ಕೊನೆಯ ಕ್ಷಣದವರೆಗೆ ಸುಮ್ಮನಿರಬೇಕು.